ಒಡಹುಟ್ಟಿದವರನ್ನು ಖಾಲಿ ಮಾಡಿಸಲು ಬರುವುದಿಲ್ಲ

ನಾನು ಶಿವಮೊಗ್ಗದಲ್ಲಿ ಸಿವಿಲ್ ಕೇಸು ನಡೆಸುವ ವಕೀಲೆ. ಮದುವೆ ಊಟದ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಕೇಳುವುದು ಒಂದೇ. "ಮೇಡಂ, ತಂಗಿ ಬಂದು ನಮ್ಮ ಮನೇಲಿ ಕೂತಿದ್ದಾಳೆ. ಕಾನೂನು ಪ್ರಕಾರ ಖಾಲಿ ಮಾಡಿಸೋದು ಹೇಗೆ?" ಕೆಲವೊಮ್ಮೆ ತಂಗಿಯ ಬದಲು ತಮ್ಮ ಇರುತ್ತಾನೆ, ಇಲ್ಲವೇ ತೀರಿಹೋದ ಅಣ್ಣನ ಹೆಂಡತಿ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಖಾಲಿ ಮಾಡಿಸಲು ಆಗುವುದಿಲ್ಲ. ಬಾಡಿಗೆಯವರಾದರೆ ನೋಟಿಸು ಕೊಟ್ಟು, ದಾವೆ ಹಾಕಿ, ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ತಂದು ಬಿಡಿಸಬಹುದು. ತಂಗಿ, ತಮ್ಮ, ಅತ್ತಿಗೆ ಇವರೆಲ್ಲ ಪಾಲುದಾರರು, ಬಾಡಿಗೆಯವರಲ್ಲ. ಭಾಗ ಆಗುವವರೆಗೆ ಮನೆಯ ಪ್ರತಿ ಅಂಕಣದಲ್ಲೂ ಅವರ ಹಕ್ಕು ಇರುತ್ತದೆ.

"ಪಹಣಿ ನನ್ನೊಬ್ಬನ ಹೆಸರಲ್ಲೇ ಇದೆಯಲ್ಲ" ಎನ್ನುತ್ತಾರೆ. ಇರಲಿ. ಪಹಣಿ ಕಂದಾಯದ ದಾಖಲೆ, ಅದರಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. "ಇಪ್ಪತ್ತು ವರ್ಷದಿಂದ ನಾನೇ ಅನುಭವಿಸ್ತಾ ಇದ್ದೀನಿ" ಎನ್ನುತ್ತಾರೆ. ಒಬ್ಬ ಪಾಲುದಾರ ಸ್ವಾಧೀನದಲ್ಲಿದ್ದರೆ ಎಲ್ಲರ ಪರವಾಗಿ ಇದ್ದಾನೆ ಎಂದೇ ಕಾನೂನು ಮೊದಲು ನೋಡುವುದು. ಬರೀ ವರ್ಷ ಎಣಿಸಿದರೆ ಸಾಲದು.

ನನಗೆ ಸಿಟ್ಟು ಬರುವುದು ಆ "ನಮ್ಮ ಮನೆ" ಎಂಬ ಮಾತಿಗೆ. ಅಪ್ಪ ಕಟ್ಟಿದ ಮನೆ. ತಂಗಿ ಹುಟ್ಟಿದ್ದು ಅದೇ ಮನೆಯ ಕೋಣೆಯಲ್ಲಿ. ಗಂಡನ ಮನೆಯಲ್ಲಿ ಬಾಳಲಾಗದೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದ ಕೂಡಲೇ ಅವಳು ಆ "ನಮ್ಮ" ಎನ್ನುವುದರಿಂದ ಹೊರಗಾಗಿಬಿಡುತ್ತಾಳೆ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಒಂದು ಕಲಂ ಇತ್ತು, 23ನೆಯದು. ಗಂಡು ಮಕ್ಕಳು ಭಾಗಕ್ಕೆ ಒಪ್ಪುವ ತನಕ ಮಗಳು ವಾಸದ ಮನೆಯಲ್ಲಿ ಭಾಗ ಕೇಳುವಂತಿರಲಿಲ್ಲ. ಅಂಥ ಕಾನೂನು ಕೂಡ ಗಂಡನಿಂದ ದೂರವಾದವಳಿಗೆ, ವಿಧವೆಗೆ ಆ ಮನೆಯಲ್ಲಿ ಇರುವ ಹಕ್ಕು ಕೊಟ್ಟಿತ್ತು! 2005ರಲ್ಲಿ ಆ ಕಲಮನ್ನೇ ತೆಗೆದುಹಾಕಿದರು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಬಂತು. ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ ಅದರ ಮಾತು ಬೇರೆ.

ಇನ್ನು ಬೀಗ ಹಾಕುವುದು, ಕರೆಂಟಿನ ಫ್ಯೂಸು ಕೀಳುವುದು, ಸಾಮಾನು ಅಂಗಳಕ್ಕೆ ಎಸೆಯುವುದು. ದಯವಿಟ್ಟು ಬೇಡ. ಹಾಗೆ ಹೊರಹಾಕಿಸಿಕೊಂಡವರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಎಂದು ಕೋರ್ಟು ಕೇಳುವುದೇ ಇಲ್ಲ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದಕ್ಕೂ ನಾನು ಬರುವುದಿಲ್ಲ. ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿ, ಸರಿಯಾದ ಬೆಲೆ ಕೊಟ್ಟರೆ ಮಾತ್ರ ಕರೆಯಿರಿ.

ನನ್ನನ್ನು ಕೇಳಬೇಕಾದ್ದು "ಭಾಗ ಮಾಡಿಕೊಳ್ಳೋದು ಹೇಗೆ" ಎಂದು. ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ. ಕೋರ್ಟು ಮೊದಲು ಯಾರಿಗೆ ಎಷ್ಟು ಪಾಲು ಎಂದು ಪ್ರಾಥಮಿಕ ಡಿಕ್ರಿ ಮಾಡುತ್ತದೆ. ಗದ್ದೆ ತೋಟದ ಪಾಲನ್ನು ಬಿಡಿಸಿ ಕೊಡುವ ಕೆಲಸ ಡಿಸಿ ಕಚೇರಿ ಮೂಲಕ ಸರ್ವೆಯವರದು. ಮನೆ ಅಳೆಯಲು ಕೋರ್ಟು ನೇಮಿಸಿದ ಕಮಿಷನರ್ ಬರುತ್ತಾರೆ. ಒಡೆದು ಹಂಚಲು ಬಾರದ ಮನೆಯಾದರೆ, ಪಾಲುದಾರರು ಕೇಳಿಕೊಂಡರೆ ಮಾರಿ ದುಡ್ಡು ಹಂಚಲು 1893ರ ವಿಭಾಗ ಕಾನೂನಿನಲ್ಲಿ ಅವಕಾಶವಿದೆ.

ಹೊಸನಗರದ ಕಡೆ ಒಂದು ಮನೆಗೆ ನಾನೇ ಕಮಿಷನರ್ ಆಗಿ ಹೋಗಿದ್ದೆ. ಹೊರಗೆ ಜಡಿಮಳೆ. ಟೇಪು ಹಿಡಿಯಲು ಬರಬೇಕಿದ್ದ ಹುಡುಗ ಬರಲಿಲ್ಲ. ಕೊನೆಗೆ ಅಣ್ಣ ಒಂದು ತುದಿ ಹಿಡಿದ, ತಂಗಿ ಇನ್ನೊಂದು ತುದಿ ಹಿಡಿದಳು. ಮೂರು ವರ್ಷದಿಂದ ಅವರಿಬ್ಬರಿಗೂ ಮಾತಿರಲಿಲ್ಲ. ಜಗಲಿ ಆಯಿತು, ನಡುಮನೆ ಆಯಿತು. ಅಡುಗೆ ಮನೆಯಲ್ಲಿ ಅವಳು ಟೇಪಿನ ಕೊಕ್ಕೆಯನ್ನು ಒಲೆಕಟ್ಟೆಯ ಅಂಚಿಗೆ ಒತ್ತಿ ಹಿಡಿದಿದ್ದಳು. ಅಣ್ಣ ಈ ಕಡೆಯಿಂದ, "ಸ್ವಲ್ಪ ಬಿಗಿ ಹಿಡಿಯೇ" ಎಂದ. ಹಿಡಿದಳು. ಹಿತ್ತಿಲ ಬಾಗಿಲಿಗೆ ಬಂದಾಗ ನನ್ನನ್ನು ಕೇಳಿದಳು, "ಬಾವಿ ಯಾರ ಕಡೆಗೆ ಬರುತ್ತೆ ಮೇಡಂ?"

ನಾನು ನಕ್ಷೆ ನೋಡುತ್ತಿದ್ದೆ. ಅಷ್ಟರಲ್ಲಿ ಅಣ್ಣನೇ, "ಬಾವಿ ಇಬ್ಬರಿಗೂ ಇರಲಿ, ಹಾಗೇ ಬರ್ಕೊಳ್ಳಿ" ಎಂದ. ಬಾವಿಗೆ ಹೋಗಲು ಅವಳ ಬಾಗಿಲಿನಿಂದ 4 ಅಡಿ ದಾರಿ ಎಂದು ವರದಿಯಲ್ಲಿ ಸೇರಿಸಿದೆ.