ಹೊಸ ಪಿಯಾನೊ, ಜಾರುವ ಬಿರಡೆ

"ಹೊಸದೇ ಇದೆ, ಶ್ರುತಿ ಮಾಡಿಕೊಟ್ಟರೆ ಸಾಕು" ಎಂದು ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಯಜಮಾನರೊಬ್ಬರು ಫೋನ್ ಮಾಡಿದ್ದರು. ಹೊಸದು ಎಂದರೆ ನನಗೆ ಹೆದರಿಕೆ ಹೆಚ್ಚು. ಹಳೆಯ ಪಿಯಾನೊ ತನ್ನ ರೋಗವನ್ನೆಲ್ಲ ಆಗಲೇ ಹೊರಹಾಕಿರುತ್ತದೆ.

ಕಲಿಯುತ್ತಿದ್ದವಳು ಅವರ ಮಗಳು, ಏಳನೆಯ ತರಗತಿ. ಒಂದೇ ಸ್ವರವನ್ನು ಬೇಗ ಬೇಗ ಬಾರಿಸಲು ಬರುವುದಿಲ್ಲವೆಂದು ಮೇಷ್ಟ್ರಿಂದ ಬೈಸಿಕೊಂಡಿದ್ದಳಂತೆ. ನಾನು ಒತ್ತಿ ನೋಡಿದೆ. ಕೆಳಗೆ ಹೋದ ಕೀ ಮೇಲೇಳಲು ಆಲಸ್ಯ ಮಾಡುತ್ತಿತ್ತು. 88ರಲ್ಲಿ ಅಂಥವು ಹದಿನೇಳು. ಮಳೆಗಾಲವಾಗಿದ್ದರೆ ಮರ ಉಬ್ಬಿದೆ ಎನ್ನಬಹುದಿತ್ತು. ಏಪ್ರಿಲ್ ಬಿಸಿಲಿನಲ್ಲಿ ಆ ನೆಪವೂ ಇಲ್ಲ. ಕೀಯ ಮರದ ತೂತಿಗೆ ಅಂಟಿಸಿದ ಬಟ್ಟೆ ಕೆಳಗಿನ ಗೂಟವನ್ನು ಬಿಗಿಯಾಗಿ ಹಿಡಿದಿತ್ತು. ಇಕ್ಕಳದಿಂದ ಬಟ್ಟೆಯನ್ನು ತುಸು ಅದುಮಬೇಕು. ಆ ತುಸುವಿನಲ್ಲೇ ಕಸುಬಿರುವುದು. ಅತಿಯಾದರೆ ಕೀ ಜೀವಮಾನವಿಡೀ ಕಟಕಟ ಎನ್ನುತ್ತದೆ.

ಕೀ ಒತ್ತಿದಾಗ ತಂತಿಗೆ ಬಡಿಯುವ ಒಳಗಿನ ಸುತ್ತಿಗೆಗಳು ಇನ್ನೊಂದು ಕಥೆ. ಕೆಲವು ತಮ್ಮ ಸ್ವರದ ಮೂರು ತಂತಿಗಳ ಬದಲು ಎರಡಕ್ಕೇ ಬಡಿಯುತ್ತಿದ್ದವು. ತಿರುಪು ಸಡಿಲಿಸಿ ಸರಿಸಿ ಕೂರಿಸಿದೆ. ಇದೆಲ್ಲ ಕಾರ್ಖಾನೆಯಲ್ಲೇ ಮುಗಿಯಬೇಕಿದ್ದ ಕೆಲಸ.

ಶ್ರುತಿಗೆ ಕೂತಾಗ, ಮಧ್ಯದ 'ಎ' ಸ್ವರದ ಕಂಪನ ಸೆಕೆಂಡಿಗೆ 440 ಇರಬೇಕಾದದ್ದು 432ರಲ್ಲಿತ್ತು. ಹೊಸ ತಂತಿ ಹಿಗ್ಗುತ್ತದೆ, ಅದು ತಪ್ಪಲ್ಲ. ಒಂದು ಸುತ್ತು ಒರಟಾಗಿ ಏರಿಸಿ, ಮತ್ತೊಂದು ಸುತ್ತು ನಯವಾಗಿ ಕೂರಿಸಬೇಕು. ಆದರೆ ಮಂದ್ರದ ತಂತಿ ಬಿಗಿಯುವ ಮೂರು ಬಿರಡೆಗಳು ತಿರುಗಿಸಿದಷ್ಟೂ ಮೆಲ್ಲಗೆ ಹಿಂದಕ್ಕೆ ಜಾರಿದವು. ಬಿರಡೆ ಕೂರುವ ಮರವೇ ಹಿಡಿಯುತ್ತಿಲ್ಲ.

"ಅಂಟು ಹಾಕಿಬಿಡಿ ಸ್ವಾಮಿ" ಎಂದರು ಯಜಮಾನರು. ಹಾಕಬಹುದು; ತೆಳು ಅಂಟು ಬಿಡುವುದುಂಟು, ದಪ್ಪ ಬಿರಡೆ ಹಾಕುವುದೂ ಉಂಟು. ನಾನು ಒಪ್ಪಲಿಲ್ಲ. ಇನ್ನೂ ಗ್ಯಾರಂಟಿ ಇರುವ ಪಿಯಾನೊ. ಇಂದು ನಾನು ಕೈಯಿಟ್ಟರೆ ನಾಳೆ ಮಾರಿದವರು "ಯಾರೋ ಕೆಡಿಸಿದ್ದಾರೆ" ಎನ್ನುತ್ತಾರೆ. ಯಾವ ಬಿರಡೆ, ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತು ಎಂದು ಹಾಳೆಯಲ್ಲಿ ಬರೆದು, ಫೋಟೊ ತೆಗೆಸಿ ಕೊಟ್ಟೆ. ಹೊಸದಕ್ಕೆ ಇಷ್ಟೊಂದು ಕೂಲಿಯೇ ಎಂದು ಅವರು ಗೊಣಗಿದರು. ಆದರೂ ಬೆಣ್ಣೆದೋಸೆ ತರಿಸದೆ ಕಳಿಸಲಿಲ್ಲ.

ಹುಡುಗಿ ಮಾತ್ರ ಪಕ್ಕದಲ್ಲೇ ನಿಂತಿದ್ದಳು. "ಹಾಗಾದರೆ ನನ್ನ ಬೆರಳಿನದು ತಪ್ಪಲ್ಲವಾ ಅಂಕಲ್?"

"ಹದಿನೇಳು ಕೀಗಳ ಮಟ್ಟಿಗೆ ಅಲ್ಲ" ಎಂದೆ.

ನಾಲ್ಕನೆಯ ದಿನ ಅವಳದೇ ಫೋನ್: "ಅಂಕಲ್, ನೀವು ಬರೆದುಕೊಟ್ಟ ಎರಡನೆಯದು ಪೂರ್ತಿ ಇಳಿದುಹೋಗಿದೆ. ಹಾಳೆಯಲ್ಲಿ ತಾರೀಖು ಹಾಕಿದ್ದೇನೆ."