ಸಂಪಾದಕರ ಪೇಪರ್ ಯಾರ ಕೈಗೆ ಹೋಗಬೇಕು?

ಸಂಶೋಧನಾ ಜರ್ನಲ್ ಕಚೇರಿಯಲ್ಲಿ ನನ್ನ ಕೆಲಸ ಬಂದ ಪೇಪರ್‌ಗಳನ್ನು ಸಂಪಾದಕರಿಗೆ ಹಂಚುವುದು, ಪೇಪರ್ ಓದಿ ಅಭಿಪ್ರಾಯ ಕೊಡುವ ತಜ್ಞರ, ಅಂದರೆ ವಿಮರ್ಶಕರ, ಬೆನ್ನು ಹತ್ತುವುದು, ಫಾರ್ಮ್‌ಗಳನ್ನು ನೋಡುವುದು. ಯಾವ ಕಂಪನಿಯಿಂದ ಹಣ ಬಂತು, ಪೇಟೆಂಟ್ ಇದೆಯಾ ಎಂದು ಲೇಖಕರನ್ನು ಎಲ್ಲರೂ ಕೇಳುತ್ತಾರೆ. ಸಂಪಾದಕರನ್ನು ಕೇಳುವವರು ಕಡಿಮೆ.

ಒಮ್ಮೆ ನಮ್ಮ ಮುಖ್ಯ ಸಂಪಾದಕರು ತಮ್ಮದೇ ಪೇಪರನ್ನು ನಮಗೆ ಕಳಿಸಿದರು. ಅದು ತಪ್ಪೇನಲ್ಲ. 'ಇದರಲ್ಲಿ ನಾನು ತಲೆ ಹಾಕಲ್ಲ' ಎಂದರು, ಹಾಕಲೂ ಇಲ್ಲ. ಆದರೆ ಅವರ ಲಾಗಿನ್‌ನಿಂದ ಏನೇನು ಕಾಣುತ್ತದೆ ಎಂದು ಪರೀಕ್ಷಿಸಿದೆ. ವಿಮರ್ಶಕರ ಹೆಸರು, ಸಂಪಾದಕರಿಗಷ್ಟೇ ಎಂದು ಅವರು ಬರೆದ ಗುಟ್ಟಿನ ಟಿಪ್ಪಣಿ, ಎಲ್ಲವೂ ಒಂದೇ ಕ್ಲಿಕ್‌ನಲ್ಲಿ! ತಕ್ಷಣ ಆ ಫೈಲನ್ನು ಅವರ ಖಾತೆಯಿಂದ ಮರೆಮಾಡಿಸಿದೆ.

ಇನ್ನೊಂದು ತೊಡಕಿತ್ತು. ಪೇಪರ್ ಹೋಗಿದ್ದು ಸಹ-ಸಂಪಾದಕರೊಬ್ಬರ ಕೈಗೆ. ಅವರ ಅವಧಿ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಇದೇ ಮುಖ್ಯ ಸಂಪಾದಕರು. ಅಂಥವರ ಪೇಪರನ್ನು ತಿರಸ್ಕರಿಸುವುದು ಸುಲಭವಾ ಅಂದ್ರೆ, ಅಲ್ಲ. ಮಂಡಳಿಯ ಹೊರಗಿನ ಅತಿಥಿ ಸಂಪಾದಕರೊಬ್ಬರನ್ನು ಹುಡುಕಿದೆವು. ಜಾಸ್ತಿ ದಿನ ಹಿಡಿಯಿತು. ಹಿಡಿಯಲಿ.

2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಫ್ರೆಂಚ್ ಅಧ್ಯಯನವೊಂದು ಪ್ರಕಟವಾಯಿತು. ಸಲ್ಲಿಸಿದ ಮರುದಿನವೇ ಒಪ್ಪಿಗೆ ಸಿಕ್ಕಿತ್ತು. ಲೇಖಕರಲ್ಲಿ ಒಬ್ಬರು ಅದೇ ಜರ್ನಲ್‌ನ ಮುಖ್ಯ ಸಂಪಾದಕರು. ವಿಮರ್ಶೆಯಲ್ಲಿ ಅವರ ಪಾತ್ರವಿಲ್ಲ ಎಂದು ಜರ್ನಲ್ ಕಡೆಯವರು ಹೇಳಿದರು. ಆದರೂ ಅನುಮಾನ ಹೋಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ನೈತಿಕತೆ ಮತ್ತು ವಿಧಾನದ ಪ್ರಶ್ನೆಗಳ ಮೇಲೆ ಪೇಪರನ್ನು ಹಿಂಪಡೆದರು. ವಿಮರ್ಶೆ ಯಾರು ನಡೆಸಿದರು ಎಂಬ ಒಂದು ಸಾಲು ಪೇಪರಿನಲ್ಲೇ ಅಚ್ಚಾಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ದೂರಿನ ವಿಷಯ ಇನ್ನೂ ಸೂಕ್ಷ್ಮ. ಸಂಪಾದಕರ ಮೇಲಿನ ದೂರು ಅವರದೇ ಇನ್‌ಬಾಕ್ಸ್‌ಗೆ ಬಂದರೆ ಏನು ಪ್ರಯೋಜನ? ಅದು ನೇರ ಪ್ರಕಾಶಕರಿಗೆ ಹೋಗುವಂತೆ ಬೇರೆ ವಿಳಾಸ ಮಾಡಿಸಿದೆವು. ಆದರೆ ಲೇಖಕರು ಕಟ್ಟುವ ಪ್ರಕಟಣಾ ಶುಲ್ಕದಿಂದ ನಡೆಯುವ ಜರ್ನಲ್‌ನಲ್ಲಿ ಹೆಚ್ಚು ಪೇಪರ್ ಅಚ್ಚಾದಷ್ಟೂ ಪ್ರಕಾಶಕರಿಗೂ ಲಾಭವಿದೆ. 1997ರಲ್ಲಿ ಶುರುವಾದ 'ಕೋಪ್' ಎಂಬ ಪ್ರಕಟಣಾ ನೈತಿಕತೆಯ ಸಮಿತಿಯ ಬಾಗಿಲು ತಟ್ಟಬಹುದು. ಅದರ ಮಾರ್ಗಸೂಚಿಗಳನ್ನು ನಾನು ದಿನಾ ಬಳಸುತ್ತೇನೆ, ಗೌರವವೂ ಇದೆ. ಆದರೆ ಅದು ಜರ್ನಲ್‌ಗಳು ಮತ್ತು ಪ್ರಕಾಶಕರೇ ಸದಸ್ಯರಾಗಿ ಶುಲ್ಕ ಕಟ್ಟುವ ಸಂಸ್ಥೆ. ಜರ್ನಲ್ ಸರಿಯಾದ ಕ್ರಮ ಅನುಸರಿಸಿತೇ ಎಂದು ನೋಡುತ್ತದೆಯೇ ಹೊರತು, ಪೇಪರಿನ ಸತ್ಯಾಸತ್ಯ ತೀರ್ಮಾನಿಸುವುದಿಲ್ಲ. ಹಾಗಾಗಿ ದೂರುದಾರರಿಗೆ ಉತ್ತರ ಬರೆಯುವಾಗ ಯಾರು ಏನನ್ನು ನೋಡುತ್ತಾರೆ, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿಸುತ್ತೇನೆ.