500 ವ್ಯಾಟ್ ಆಂಪು, ನಾಲ್ಕೂವರೆ ವ್ಯಾಟ್ ಸದ್ದು

ನಮ್ಮ ಸಿಂಧನೂರು ಕಡೆ ಆರ್ಕೆಸ್ಟ್ರಾಗಳಲ್ಲಿ ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸುವವರು ಕಡಿಮೆ. ಬಹಳ ಕಡೆ ಕೀಬೋರ್ಡಿನವನ ಎಡಗೈಯೇ ಬೇಸು. ಹಾಗಾಗಿ ಬೇಸ್ ಗಿಟಾರಿಗೆಂದೇ ಒಂದು ಆಂಪ್ಲಿಫೈಯರ್ (ಆಂಪ್) ಇಟ್ಟುಕೊಂಡಿರುವ ಮೈಕ್‌ಸೆಟ್ಟಿನವರನ್ನು ನಾನಂತೂ ನೋಡಿಲ್ಲ. ನಮ್ಮ ಸಾಮಾನು ನಾವೇ ಹೊತ್ತುಕೊಂಡು ಹೋಗಬೇಕು. ಹಗಲು ಗೊಬ್ಬರ-ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಮದುವೆ ಸೀಸನ್ನು, ಗಣಪತಿ, ಆರ್.ಎಚ್. ಕ್ಯಾಂಪಿನ (ಪುನರ್ವಸತಿ ಕ್ಯಾಂಪಿನ) ಬಂಗಾಳಿಗಳ ದುರ್ಗಾಪೂಜೆ ಬಂತೆಂದರೆ ರಾತ್ರಿ ನಾಲ್ಕು ತಂತಿಯ ಬೇಸ್ ಕೊರಳಿಗೆ ಹಾಕಿಕೊಂಡು ಡ್ರಮ್ಮಿನ ಪಕ್ಕ ನಿಂತಿರುತ್ತೇನೆ.

ಬೇಸ್ ಆಂಪ್ ಅಂತ ರೆಡಿ ಸಿಗುವ ಒಂದೇ ಡಬ್ಬಿಯ ಸೆಟ್ಟು ದುಬಾರಿ, ಮೇಲೆ ಅದನ್ನು ಎತ್ತಿಡಲು ಪೈಲ್ವಾನರೇ ಬೇಕು. ಅದಕ್ಕೇ ನಾನು ಬಿಡಿಬಿಡಿಯಾಗಿ ಜೋಡಿಸಿಕೊಂಡಿದ್ದೇನೆ: ಗಿಟಾರಿನ ಸದ್ದನ್ನು ಮೊದಲು ತಿದ್ದಿ ಮುಂದಕ್ಕೆ ಕಳಿಸುವ, ಕಾಲಬಳಿ ಇಡುವ ಪೆಡಲ್ ಪ್ರೀಆಂಪ್ ಒಂದು, ಸ್ಪೀಕರನ್ನು ಓಡಿಸಲು ಮೈಕ್‌ಸೆಟ್ಟಿನ ಚಾಚಾ ಮಾರಿದ ಹಳೆ ಎರಡು ಚಾನೆಲ್ಲಿನ ಪವರ್ ಆಂಪ್ ಒಂದು, 15 ಇಂಚಿನ ಸ್ಪೀಕರಿನ 8 ಓಮ್ ಬಾಕ್ಸ್ ಒಂದು. ಆಂಪಿನ ಬೆನ್ನಿಗೆ 8 ಓಮಿಗೆ 500 ವ್ಯಾಟ್ ಅಂತ ಬರೆದಿದೆ. ಕಾಗದದ ಮೇಲೆ ಯಾವುದಕ್ಕೂ ಕೊರತೆ ಇಲ್ಲ.

ಸ್ಟೇಜಿನ ಮೇಲೆ ಮಾತ್ರ ಕೀಬೋರ್ಡಿನ ಹುಡುಗ ಹಾಡಿನ ನಡುವೆಯೇ ಕೂಗಿದ: "ಅಣ್ಣ, ಬೆರಳು ಆಡೋದು ಕಾಣಾಕತ್ತೈತಿ, ಸದ್ದು ಬರಾಕತ್ತಿಲ್ಲ!"

ಆಂಪಿನ ಎರಡೂ ನಾಬು ಪೂರ್ತಿ ತಿರುವಿದ್ದೆ. ಆಂಪಿನ ಶಕ್ತಿ ಮೀರಿದಾಗ ಹತ್ತುವ, ಕ್ಲಿಪ್ ಅನ್ನುವ ಕೆಂಪು ಲೈಟು ಒಮ್ಮೆಯೂ ಹತ್ತಲಿಲ್ಲ. ಇಳಿದು ಬಂದಮೇಲೆ ಸಲಹೆಗೇನೂ ಬರವಿರಲಿಲ್ಲ. ಹಾಡುವವರು ತಪ್ಪನ್ನು ಕರೆಂಟಿನ ವೋಲ್ಟೇಜಿನ ಮೇಲೆ ಹಾಕಿದರು. ರಾಯಚೂರಿನ ಒಬ್ಬ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: "500 ಸಾಲಂಗಿಲ್ಲರಿ ಬೇಸ್ ಗಿಟಾರಿಗೆ, 1000 ವ್ಯಾಟಿಂದು ತಗೋರಿ."

ಲೆಕ್ಕ ಬರೆಯುವವನಿಗೆ ಲೆಕ್ಕ ಹಾಕದೆ ದುಡ್ಡು ಬಿಚ್ಚಲು ಮನಸ್ಸು ಬರುವುದಿಲ್ಲ. ವ್ಯಾಟ್ ಅಂದರೆ ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮಿನಿಂದ ಭಾಗಿಸಿದ್ದು. 8 ಓಮಿನ ಬಾಕ್ಸಿಗೆ 500 ವ್ಯಾಟ್ ಹೋಗಬೇಕಾದರೆ ಆಂಪಿನ ಬಾಯಿಂದ ಸುಮಾರು 63 ವೋಲ್ಟ್ ಹೊರಬರಬೇಕು. ಆ 63 ವೋಲ್ಟನ್ನು ಪವರ್ ಆಂಪ್ ತಾನಾಗಿ ಹುಟ್ಟಿಸುವುದಿಲ್ಲ. ಒಳಗೆ ಬಂದದ್ದನ್ನು ಇಂತಿಷ್ಟು ಪಟ್ಟು ಮಾಡಿ ಕೊಡುವುದಷ್ಟೇ ಅದರ ಕೆಲಸ. ಎಷ್ಟು ಪಟ್ಟು ಅನ್ನುವುದು ಕೂಡ ಬೆನ್ನ ಮೇಲೆಯೇ ಬರೆದಿರುತ್ತದೆ, ನಾವು ಓದುವುದಿಲ್ಲ. 26 ಡಿಬಿ (ಡೆಸಿಬೆಲ್, ಎಷ್ಟು ಪಟ್ಟು ಅನ್ನುವುದರ ಅಳತೆ) ಅಂದರೆ ವೋಲ್ಟು 20 ಪಟ್ಟು. 32 ಡಿಬಿ ಅಂದರೆ 40 ಪಟ್ಟು. 0.775 ವೋಲ್ಟ್ ಅಂತ ಬರೆದಿದ್ದರೆ, ಅಷ್ಟು ವೋಲ್ಟ್ ಒಳಗೆ ಬಂದರೆ ಸಾಕು, ಪೂರ್ತಿ ಪವರ್ ಕೊಡುತ್ತೇನೆ ಅಂತ ಅರ್ಥ. ನನ್ನ ಆಂಪಿನಲ್ಲಿ ಅದು 63 ಭಾಗಿಸು 0.775, ಅಂದರೆ 81 ಪಟ್ಟಿಗೂ ಸ್ವಲ್ಪ ಮೇಲೆ.

ಮೋಟಾರು ರಿಪೇರಿ ಮಾಡುವ ಮಾಮಾನ ಹತ್ತಿರ ಮೀಟರ್ ತಂದು ಎಸಿ ವೋಲ್ಟಿಗೆ ಇಟ್ಟೆ. ಪೆಡಲಿನಿಂದ ಆಂಪಿಗೆ ಹೋಗುವ ಪಿನ್ನಿಗೆ ಹಿಡಿದು ಒಂದೇ ಸ್ವರವನ್ನು ಬಿಡದೆ ಮೀಟಿದರೆ ಬರುತ್ತಿದ್ದದ್ದು 0.3 ವೋಲ್ಟಿನ ಆಸುಪಾಸು. ಎಷ್ಟು ಪಟ್ಟು ಅಂತ ಆರಿಸುವ, ಆಂಪಿನ ಬೆನ್ನ ಮೇಲಿನ ಸಣ್ಣ ಸ್ವಿಚ್ಚು ಚಾಚಾನ ಕಾಲದಿಂದಲೂ 26 ಡಿಬಿಯಲ್ಲೇ ನಿಂತಿತ್ತು. 0.3ರ 20 ಪಟ್ಟು 6 ವೋಲ್ಟ್. ಆರಾರಲೆ ಮೂವತ್ತಾರು, ಭಾಗಿಸು ಎಂಟು: ನಾಲ್ಕೂವರೆ ವ್ಯಾಟ್. 500 ವ್ಯಾಟಿನ ಪೆಟ್ಟಿಗೆಯನ್ನು ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗಿ ನಾಲ್ಕೂವರೆ ವ್ಯಾಟಿನಲ್ಲಿ ಡ್ರಮ್ಮಿನ ಎದುರು ನಿಂತರೆ ಯಾರಿಗೆ ಕೇಳಬೇಕು?

ಚಾಚಾನ ತಪ್ಪೂ ಅಲ್ಲ ಅದು. ಅವರು ಅದೇ ಆಂಪನ್ನು ದೊಡ್ಡ ಮಿಕ್ಸರಿಗೆ ಕಟ್ಟಿಕೊಂಡಿದ್ದರು. ಒಳ್ಳೆಯ ಮಿಕ್ಸರು 3-4 ವೋಲ್ಟನ್ನು ಆರಾಮಾಗಿ ಕೊಡುತ್ತದೆ, ಅದಕ್ಕೆ 20 ಪಟ್ಟು ಸಾಕು, ಹಿಸ್ ಸದ್ದೂ ಕಡಿಮೆ. ಪೆಡಲ್ ಪ್ರೀಆಂಪ್ ಹಾಗಲ್ಲ. ಅದನ್ನು ಮಾಡಿರುವುದೇ ಇನ್ನೊಂದು ಗಿಟಾರ್ ಆಂಪಿನ ಮುಂದೆ ಕೂರಲಿ ಅಂತ, ಆದ್ದರಿಂದ ಗಿಟಾರ್ ಕೊಡುವಷ್ಟೇ ವೋಲ್ಟನ್ನು ಬಣ್ಣ ಹಚ್ಚಿ ಮುಂದಕ್ಕೆ ದಾಟಿಸುತ್ತದೆ. ರ್‍ಯಾಕಿನಲ್ಲಿ ಕೂರುವ ಪ್ರೀಆಂಪಾದರೆ ಪವರ್ ಆಂಪನ್ನು ನೇರ ಓಡಿಸುತ್ತದೆ. ಹೆಸರು ಎರಡಕ್ಕೂ ಪ್ರೀಆಂಪ್ ಅಂತಲೇ ಇರುವುದರಿಂದ ಬರುವ ತಾಪತ್ರಯ ಇದು.

ಈಗ ಅಂಗಡಿಯವರ 1000 ವ್ಯಾಟಿಗೆ ಬನ್ನಿ. ಅದೂ 20 ಪಟ್ಟಿನದೇ ಆಗಿದ್ದರೆ ನನ್ನ 0.3 ವೋಲ್ಟಿಗೆ ಅದರಿಂದಲೂ ಬರುವುದು ಅದೇ 6 ವೋಲ್ಟ್, ಅದೇ ನಾಲ್ಕೂವರೆ ವ್ಯಾಟ್. ಹೋಗಲಿ, ಪೂರ್ತಿ ಪವರಿಗೇ ಓಡಿಸಿದೆ ಅನ್ನೋಣ. 500ಕ್ಕೂ 1000ಕ್ಕೂ ಇರುವ ಅಂತರ 3 ಡಿಬಿ. ಕಿವಿಗೆ "ಹೂಂ, ಒಂಚೂರು ಜಾಸ್ತಿ ಆತು" ಅನಿಸುವಷ್ಟು. ಸದ್ದು ಎರಡರಷ್ಟಾಯಿತು ಅಂತ ಕಿವಿ ಒಪ್ಪಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ ವ್ಯಾಟು ಹತ್ತು ಪಟ್ಟು. ವ್ಯಾಟ್ ನೋಡಿ ಆಂಪ್ ಕೊಳ್ಳುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಪವರ್ ಆಂಪಿನ ಮುಂದಿರುವ ನಾಬಿನ ಬಗ್ಗೆಯೂ ಎಲ್ಲರಿಗೂ ಒಂದು ಭ್ರಮೆ ಇದೆ, ಅದನ್ನು ತಿರುವಿದರೆ ಪವರ್ ಹೆಚ್ಚುತ್ತದೆ ಅಂತ. ಅದು ಕಾಲುವೆಯ ತೂಬು ಇದ್ದ ಹಾಗೆ. ಮಾನ್ವಿ ಕಡೆಯ ಕೊನೆ ಭಾಗದ ರೈತ ತನ್ನ ತೂಬನ್ನು ಎಷ್ಟು ಎತ್ತಿದರೇನು, ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿಂದ ನೀರೇ ಬರದಿದ್ದರೆ? ಆ ನಾಬಿಗೆ ಬಂದದ್ದನ್ನು ತಡೆಯುವುದು ಗೊತ್ತು, ಇಲ್ಲದ್ದನ್ನು ತರುವುದು ಗೊತ್ತಿಲ್ಲ.

ವೋಲ್ಟೇಜಿನ ಮಾತು ನಮ್ಮ ಕಡೆ ಸುಳ್ಳಲ್ಲ. ಬೇಸಿಗೆಯಲ್ಲಿ 180ಕ್ಕೆ ಬೀಳುವುದುಂಟು. ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಆಂಪಿನಲ್ಲಿ 230 ಹೋಗಿ 180 ಆದರೆ ಇಳಿಯುವುದು ಅದರ ಗರಿಷ್ಠ ಪವರ್, ಅದೂ 2 ಡಿಬಿಯ ಆಚೀಚೆ. ನಾಲ್ಕೂವರೆ ವ್ಯಾಟಿನಲ್ಲಿ ತೂಕಡಿಸುತ್ತಿರುವ ಆಂಪಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ಸ್ವಿಚ್ಚನ್ನು 0.775ಕ್ಕೆ ತಳ್ಳಿದೆ. ಖರ್ಚು ಸೊನ್ನೆ. ಅದೇ 0.3 ವೋಲ್ಟಿಗೆ ಈಗ ಹೊರಗೆ 24 ವೋಲ್ಟ್, ಅಂದರೆ 75 ವ್ಯಾಟಿನ ಹತ್ತಿರ. ನಾಲ್ಕೂವರೆಯಿಂದ ಎಪ್ಪತ್ತೈದಕ್ಕೆ 12 ಡಿಬಿ! ಅಂಗಡಿಯ ಹಿಂದಿನ ಗೋದಾಮಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಮೇಲಿಟ್ಟಿದ್ದ ಸ್ಪ್ರೇಯರ್ ಡಬ್ಬಿಗಳು ಗಲಗಲ ಅಂದವು. ಮಾಲಕರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು, ಏನೂ ಅನ್ನಲಿಲ್ಲ.

ಆದರೂ 75 ಅಂದರೆ 500 ಅಲ್ಲ. ಉಳಿದದ್ದನ್ನು ಪ್ರೀಆಂಪಿನ ಕಡೆಯಿಂದಲೇ ತರಬೇಕು. ಪೆಡಲಿನ ಲೆವೆಲ್ ನಾಬನ್ನು ಗಡಿಯಾರದ ಮುಳ್ಳಿನ ಹಾಗೆ ನೆಟ್ಟಗೆ 12 ಗಂಟೆಗೆ ಇಡುವ ಚಟ ನುಡಿಸುವವರಿಗೆಲ್ಲ ಇದೆ. ಅದನ್ನು ಮೂರು-ನಾಲ್ಕು ಗಂಟೆವರೆಗೆ ತಿರುವಲು ಅಡ್ಡಿಯಿಲ್ಲ. ಬೇಸ್ ಒಳಗೇ ಬ್ಯಾಟರಿ ಇರುವ ಆಕ್ಟಿವ್ ಆಗಿದ್ದರೆ ಮೊದಲು ಆ 9 ವೋಲ್ಟಿನ ಸೆಲ್ ಬದಲಿಸಿ. ಇಷ್ಟಾದಮೇಲೂ ಕಡಿಮೆ ಬಿದ್ದರೆ ನಡುವೆ ಒಂದು ಸಣ್ಣ ಮಿಕ್ಸರ್ ಹಾಕಿ. ನಾನು ಹಾಗೇ ಮಾಡಿದ್ದು. ಪೆಡಲಿನ ಪಿನ್ನು ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ, ಮಿಕ್ಸರಿನ ಮೇನ್ ಔಟ್ ಆಂಪಿಗೆ. ಪ್ರೊಫೆಷನಲ್ ಲೈನ್ ಲೆವೆಲ್ ಅಂತ ಕರೆಯುವ +4 ಡಿಬಿಯು (dBu) ಅಂದರೆ 1.23 ವೋಲ್ಟ್, ನನ್ನ ಆಂಪಿಗೆ ಅದು ಬೇಕಾದದ್ದಕ್ಕಿಂತ ಹೆಚ್ಚೇ. ಈಗ ಆಂಪಿನ ನಾಬನ್ನೇ ಸ್ವಲ್ಪ ಇಳಿಸಿಕೊಂಡಿದ್ದೇನೆ. ಬೇಸನ್ನು ಪೆಡಲಿಲ್ಲದೆ ನೇರ ಮಿಕ್ಸರಿಗೆ ಚುಚ್ಚುವುದು ಮಾತ್ರ ಬೇಡ. ಬ್ಯಾಟರಿ ಇಲ್ಲದ ಬೇಸಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ಪಿಗೆ 1 ಮೆಗಾಓಮಿನಂಥ ಇನ್‌ಪುಟ್ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರ ಓಮ್ ಅಷ್ಟೇ, ಅಲ್ಲಿ ಸ್ವರ ಮಂಕಾಗಿ ಸತ್ತೇ ಹೋಗುತ್ತದೆ.

ಪಿನ್ನಿನದೊಂದು ಕತೆ ಬೇರೆ. ಪೆಡಲಿನಲ್ಲಿ ಎರಡು ಔಟ್ ಇವೆ, ಒಂದು ನಮ್ಮವರು ಪಿ-38 ಅನ್ನುವ ದಪ್ಪ ಪಿನ್ನು, ಇನ್ನೊಂದು ಮೂರು ಕಡ್ಡಿಯ ಕ್ಯಾನನ್. ಆಂಪಿಗೂ ಕ್ಯಾನನ್ನೇ ಇರುವುದರಿಂದ ನೋಡಿದವರೆಲ್ಲ "ಕ್ಯಾನನ್ನಿಗೆ ಕ್ಯಾನನ್ ಕೊಡ್ರಿ" ಅನ್ನುತ್ತಾರೆ. ಪೆಡಲ್‌ಗಳ ಆ ಔಟು ಎಷ್ಟೋ ಸಲ ಮೈಕಿನ ಮಟ್ಟದ್ದು, ಇನ್ನೊಂದಕ್ಕಿಂತ 20 ಡಿಬಿ ಕಡಿಮೆ, ಅಂದರೆ ವೋಲ್ಟಿನ ಹತ್ತನೇ ಒಂದು ಪಾಲು. ಅದನ್ನು ಪವರ್ ಆಂಪಿಗೆ ಕೊಟ್ಟರೆ ಸೊಳ್ಳೆ ಗುಂಯ್‌ಗುಟ್ಟುವಷ್ಟೇ ಸದ್ದು. ಹಾಗಂತ ಪಿ-38ರಿಂದ ಕ್ಯಾನನ್ನಿಗೆ ಕೇಬಲ್ ಮಾಡಿಸಿದರೆ ಬೆಸುಗೆ ಹಾಕಿದವರು ಮೂರನೇ ಕಡ್ಡಿಯನ್ನು ಗಾಳಿಗೆ ಬಿಟ್ಟಿದ್ದರು. ಒಂದನೆಯದು ಗ್ರೌಂಡ್, ಎರಡನೆಯದು ಹಾಟ್ (ಸದ್ದು ಬರುವ ಎಳೆ), ಮೂರನೆಯದು ಕೋಲ್ಡ್ (ಅದರದೇ ಉಲ್ಟಾ). ಮೋನೋ ಪಿನ್ನಿನಿಂದ ಬರುವಾಗ ಮೂರನ್ನು ಒಂದಕ್ಕೆ ಜೋಡಿಸಬೇಕು. ಬಿಟ್ಟರೆ ಕೆಲವು ಆಂಪುಗಳಲ್ಲಿ ವೋಲ್ಟಿನ ಅರ್ಧ ಪಾಲು ಹೋಗಿ ಹಮ್ಮಿಂಗ್ ಒಳಗೆ ಬರುತ್ತದೆ. ಒಂದು ಹನಿ ಸೀಸದ ಕೆಲಸ, 6 ಡಿಬಿ ವಾಪಸ್.

ಇನ್ನು ಟೋನ್. ಸದ್ದು ಸಾಲದು ಅಂದಕೂಡಲೇ ಬೇಸ್ ನುಡಿಸುವವನ ಕೈ ಬೇಸ್ ನಾಬಿಗೇ ಹೋಗುತ್ತದೆ, ನನಗೆ ಇದು ಒಪ್ಪಿಗೆಯಿಲ್ಲ. ದಪ್ಪ ತಂತಿಯ ಖಾಲಿ ಸ್ವರ 41 ಹರ್ಟ್ಸ್. ಅಷ್ಟು ತಗ್ಗಿನ ಸದ್ದಿಗೆ ಮನುಷ್ಯನ ಕಿವಿ ಬಹಳ ಮಂದ. ಫ್ಲೆಚರ್, ಮನ್ಸನ್ ಅನ್ನುವ ಅಮೆರಿಕದ ವಿಜ್ಞಾನಿಗಳಿಬ್ಬರೂ ಇದನ್ನು 1933ರಲ್ಲೇ ಅಳೆದು ಗ್ರಾಫು ಬರೆದಿಟ್ಟಿದ್ದಾರೆ. ಬೇಸ್ ನಾಬನ್ನು 12 ಡಿಬಿ ಏರಿಸಿದರೆ ಆ ಸ್ವರಗಳಿಗೆ 16 ಪಟ್ಟು ವ್ಯಾಟ್ ಬೇಕು. 75 ವ್ಯಾಟಿನಲ್ಲಿ ಇದ್ದವನು 1200 ಕೇಳಿದ ಹಾಗಾಯಿತು, 500ರ ಆಂಪ್ ಎಲ್ಲಿಂದ ತಂದೀತು? ಕ್ಲಿಪ್ ಲೈಟು ಹತ್ತುತ್ತದೆ, ಸ್ಪೀಕರಿನ ಕಾಗದದ ಕೋನು ಹೊರಗೆ ಬಂದಂತೆ ಹೊಡೆದುಕೊಳ್ಳುತ್ತದೆ, ಪ್ರೇಕ್ಷಕನಿಗೆ ಮಾತ್ರ ಏನೂ ಕೇಳುವುದಿಲ್ಲ. ಜನ ಬೇಸ್ ಅಂತ ಗುರುತು ಹಿಡಿಯುವುದು 200ರಿಂದ 800 ಹರ್ಟ್ಸ್ ನಡುವಿನ ಗಂಟಲನ್ನು. ಅಲ್ಲಿ 3-4 ಡಿಬಿ ಏರಿಸಿ, 40ರ ಕೆಳಗಿನದನ್ನು ಕತ್ತರಿಸಿ. ಒಬ್ಬನೇ ಕೂತು ನುಡಿಸುವಾಗ ಒರಟಾಗಿ ಕೇಳುತ್ತದೆ, ಕೋಣೆಯಲ್ಲಿ ಕೇಳಿದವರು ಮೂಗು ಮುರಿಯುತ್ತಾರೆ. ರಿದಮ್ ಪ್ಯಾಡು, ಎರಡು ಕೀಬೋರ್ಡು ಶುರುವಾದಮೇಲೆ ನೋಡಿ, ಉಳಿದು ನಿಲ್ಲುವುದು ಆ ಒರಟೇ.

ಕಲ್ಯಾಣ ಮಂಟಪದಲ್ಲಿ ಇಷ್ಟರಲ್ಲೇ ಕೆಲಸ ಆಗುತ್ತದೆ, ಗೋಡೆಗಳು ತಗ್ಗು ಸ್ವರವನ್ನು ಹಿಡಿದು ವಾಪಸ್ ಕೊಡುತ್ತವೆ. ಕ್ಯಾಂಪಿನ ಬಯಲಲ್ಲಿ ಗೋಡೆಯೂ ಇಲ್ಲ, ಸೂರೂ ಇಲ್ಲ. ದೂರ ಎರಡರಷ್ಟಾದಾಗಲೆಲ್ಲ 6 ಡಿಬಿ ಹೊಲದ ಪಾಲು. ಅಲ್ಲಿಗೆ ವ್ಯಾಟಿಗಿಂತ ಕೋನಿನ ಅಗಲ ಬೇಕು. ಹಾಗಾಗಿ 1000 ವ್ಯಾಟಿನ ಆಂಪಿಗೆ ಕೊಡಬೇಕಿದ್ದ ದುಡ್ಡಿನ ಅರ್ಧದಲ್ಲಿ ಇನ್ನೊಂದು ಅಂಥದ್ದೇ 15 ಇಂಚಿನ ಬಾಕ್ಸ್ ತಂದೆ. 8 ಓಮಿನ ಎರಡು ಬಾಕ್ಸ್ ಅಕ್ಕಪಕ್ಕ ಕಟ್ಟಿದರೆ 4 ಓಮ್. ಅದೇ ವೋಲ್ಟಿಗೆ ಒಟ್ಟು ವ್ಯಾಟು ಎರಡರಷ್ಟು, ಎರಡು ಕೋನೂ ಒಟ್ಟಿಗೆ ತಳ್ಳುವುದರಿಂದ ತಗ್ಗಿನ ಸ್ವರಗಳಲ್ಲಿ 6 ಡಿಬಿ ಹತ್ತಿರ ಲಾಭ.

ಕಟ್ಟಿದ ದಿನ ಸದ್ದು ಹೆಚ್ಚುವ ಬದಲು ಕಡಿಮೆಯಾಯಿತು! ಒಂದು ಬಾಕ್ಸಿನ ವೈರ್ ತೆಗೆದರೆ ಬೇಸು, ಹಾಕಿದರೆ ಮಾಯ. ಹೊಸ ಬಾಕ್ಸಿನೊಳಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು, ಒಂದು ಕೋನು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಎರಡೂ ಒಂದನ್ನೊಂದು ನುಂಗುತ್ತಿದ್ದವು. ಇದನ್ನು ಹಿಡಿಯಲು ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಸಾಕು. ಆಂಪಿನ ವೈರ್ ಕಳಚಿ, ಸೆಲ್ಲಿನ ಪ್ಲಸ್ಸನ್ನು ಬಾಕ್ಸಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಕ್ಷಣಕಾಲ ಮುಟ್ಟಿಸಿ: ಕೋನು ಮುಂದೆ ಬಂದರೆ ಸರಿ, ಹಿಂದೆ ಸರಿದರೆ ಒಳಗೆ ಉಲ್ಟಾ. 4 ಓಮಾದಮೇಲೆ ಆಂಪನ್ನು ಬ್ರಿಡ್ಜ್ ಮಾಡಬೇಡಿ (ಎರಡೂ ಚಾನೆಲ್ ಸೇರಿಸಿ ಒಂದಾಗಿ ಓಡಿಸಬೇಡಿ), ಆಗ ಒಂದೊಂದು ಚಾನೆಲ್ಲಿಗೂ 2 ಓಮ್ ಕಾಣುತ್ತದೆ, ಹೊಗೆ ಬರುತ್ತದೆ. ಆಂಪಿನಿಂದ ಬಾಕ್ಸಿಗೆ ಗಿಟಾರಿನ ತೆಳು ಕೇಬಲ್ ಕೂಡ ಬೇಡ. ದಪ್ಪ ಎರಡೆಳೆ ವೈರ್, ಸ್ಪೀಕರಿಗೆಂದೇ ಇರುವ ಸ್ಪೀಕಾನ್ ಪಿನ್ನು ಇದ್ದರೆ ಅದೇ.

ಆ ಮೈಕ್ ಮಟ್ಟದ ಕ್ಯಾನನ್ ಔಟಿಗೂ ಈಗ ಕೆಲಸ ಸಿಕ್ಕಿದೆ. ದುರ್ಗಾಪೂಜೆಯಲ್ಲಿ ಚಾಚಾನೇ ಸ್ಟೇಜಿಗೆ ಹತ್ತಿ ಬಂದು ಕೇಬಲ್ ಕೈಗೆ ಕೊಟ್ಟರು. "ಬೇಟಾ, ನಿನ್ನ ಬಾಕ್ಸ್ ಸ್ಟೇಜಿಗೆ ಇರ್ಲಿ. ಹೊರಗಿನವರಿಗೆ ನನ್ನ ಸಬ್‌ವೂಫರ್ ಬಾಕ್ಸಿನಾಗ ಬಿಡ್ತೀನಿ, ಒಂದು ಲೈನ್ ಕೊಡು." ಕೊಟ್ಟೆ. ಮೊದಲ ಸ್ವರಕ್ಕೇ ಮೈದಾನದ ತುಂಬ ಗುಂಯ್ ಅಂತ ಹಮ್ಮಿಂಗ್ ಎದ್ದಿತು. ಪೆಡಲಿನ ಪಕ್ಕದ, ಕ್ಯಾನನ್ನಿನ ಗ್ರೌಂಡನ್ನು ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಒತ್ತಿದ ಮೇಲೆ ನಿಂತಿತು, ಚಾಚಾ ದೂರದಿಂದಲೇ ಕೈ ಎತ್ತಿ "ಬಿಡು" ಅಂದರು.